ನಿಸರ್ಗ ಕೊಡದ್ದು, ಜನಾಂಗಗಳು ಕಟ್ಟಿದ್ದು

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ನಮ್ಮ ಕಾನೂನು ಕಾಲೇಜುಗಳಲ್ಲಿ ರೋಮನ್ ಕಾನೂನು ಶಾಸ್ತ್ರಕ್ಕೆಂದು ಮುಗಿಸುವ ಅಧ್ಯಾಯ. ಅದರ ಮೊದಲ ಪುಟಗಳಲ್ಲೇ ಒಂದು ಮಾತು ಬರುತ್ತದೆ. ಓದಿದವರು ಅಲ್ಲಿ ನಿಲ್ಲುವುದಿಲ್ಲ, ನಿಲ್ಲಬೇಕು. ಕ್ರಿ.ಶ. 533ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಹೊರಡಿಸಿದ ‘ಡೈಜೆಸ್ಟ್’ ಹಳೆಯ ರೋಮನ್ ನ್ಯಾಯವೇತ್ತರ ಅಭಿಪ್ರಾಯಗಳ ದೊಡ್ಡ ಸಂಗ್ರಹ. ನಿಸರ್ಗದ ಕಾನೂನಿನಂತೆ ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಗುಲಾಮಗಿರಿ ಬಂದದ್ದು ಜನಾಂಗಗಳ ಕಾನೂನಿನಿಂದ ಎಂದು ಅದರಲ್ಲಿ ಉಲ್ಪಿಯನ್ ಎಂಬ ನ್ಯಾಯವೇತ್ತ ಹೇಳುತ್ತಾನೆ. ಫ್ಲೊರೆಂಟಿನಸ್ ಎಂಬ ಇನ್ನೊಬ್ಬನಂತೂ ಗುಲಾಮಗಿರಿಯ ವ್ಯಾಖ್ಯೆಯೊಳಗೇ ಅದು ನಿಸರ್ಗಕ್ಕೆ ವಿರುದ್ಧ ಎಂಬುದನ್ನು ಸೇರಿಸಿಬಿಟ್ಟಿದ್ದಾನೆ.

ನಿಸರ್ಗಕ್ಕೆ ವಿರುದ್ಧ, ಆದರೂ ಕಾನೂನು. ರೋಮನ್ನರಿಗೆ ಇದರಲ್ಲಿ ಮುಜುಗರವೇನೂ ಆಗಲಿಲ್ಲ. ಅವರು ವ್ಯವಹಾರಸ್ಥರು, ಸಂತೆಯಲ್ಲಿ ಮಾರುವ ಆಳಿಗೆ ಕಾಯಿಲೆ ಇದ್ದರೆ ನಷ್ಟ ಯಾರದು ಎಂಬುದು ಅವರಿಗೆ ಮುಖ್ಯವಾಗಿತ್ತು. ಮುಜುಗರ ಶುರುವಾದದ್ದು ಸುಮಾರು ಆರುನೂರು ವರ್ಷಗಳ ಮೇಲೆ, ಅದೇ ಪುಸ್ತಕವನ್ನು ಇಟಲಿಯ ಬೊಲೋನ್ಯಾದಲ್ಲಿ ಪಂಡಿತರು ಮತ್ತೆ ಓದತೊಡಗಿದಾಗ, ಆಮೇಲೆ ಪ್ಯಾರಿಸ್ಸಿನಲ್ಲೂ ಸ್ಪೇನಿನ ಸಲಾಮಾಂಕಾದಲ್ಲೂ ಸನ್ಯಾಸಿಗಳು ಅದರ ಮಾತುಗಳನ್ನು ಎತ್ತಿಕೊಂಡು ಚರ್ಚಿಸತೊಡಗಿದಾಗ. ಇವತ್ತಿನ ನನ್ನ ಮಾತು ಆ ಮುಜುಗರದ ಚರಿತ್ರೆ. ಅಂತರರಾಷ್ಟ್ರೀಯ ಕಾನೂನಿನ ಬೇರು ಮಧ್ಯಯುಗದ ಕ್ರೈಸ್ತ ಚಿಂತನೆಯ ಔದಾರ್ಯದಲ್ಲಿದೆ ಎಂದು ಎಷ್ಟೋ ಪಠ್ಯಪುಸ್ತಕಗಳು ಹೇಳುತ್ತವೆ. ನನಗೆ ಅಷ್ಟು ನಂಬಿಕೆ ಇಲ್ಲ. ಆಸ್ತಿ, ಯುದ್ಧ, ಗುಲಾಮಗಿರಿ – ನಿಸರ್ಗ ಒಪ್ಪುತ್ತದೆಂದು ಹೇಳಲಾಗದ, ಆದರೆ ಎಲ್ಲರೂ ಮಾಡುತ್ತಿದ್ದ ಈ ಮೂರಕ್ಕೆ ಒಂದು ಖಾನೆ ಬೇಕಿತ್ತು. ಜನಾಂಗಗಳ ಕಾನೂನು ಮೊದಲು ಆ ಖಾನೆ. ಅದು ಮುಂದೆ ರಾಜರನ್ನು ತಡೆದು ನಿಲ್ಲಿಸುವ ವಾದವೂ ಆಯಿತು. ಆದದ್ದು ಹೇಗೆ, ಎಲ್ಲಿ ಜಾರಿತು ಎಂಬುದನ್ನು ಮುಖ್ಯವಾಗಿ ಗುಲಾಮಗಿರಿಯ ಎಳೆಯನ್ನೇ ಹಿಡಿದು ನೋಡೋಣ.

ಒಂದು ಎಚ್ಚರಿಕೆ. ನಿಸರ್ಗದ ಕಾನೂನು ಎಂದಾಗ ಕಲ್ಲು ಕೆಳಗೆ ಬೀಳುವ ನಿಯಮವನ್ನು ನೆನೆಯಬೇಡಿ. ನಮ್ಮ ಕೋರ್ಟುಗಳಲ್ಲಿ ಎರಡೂ ಕಡೆಯವರ ಮಾತು ಕೇಳಬೇಕು ಎನ್ನುವ ಸಹಜ ನ್ಯಾಯವೂ ಅದಲ್ಲ. ಯಾವ ರಾಜನೂ ಬರೆದುಕೊಡದಿದ್ದರೂ ಮನುಷ್ಯನ ಬುದ್ಧಿಗೆ ತಾನಾಗಿ ಹೊಳೆಯುವ ಕರ್ತವ್ಯ ಅಕರ್ತವ್ಯಗಳ ತಿಳಿವಳಿಕೆಯನ್ನು ಈ ಪಂಡಿತರು ಹಾಗೆ ಕರೆದರು.

ರೋಮನ್ನರಲ್ಲೇ ಒಮ್ಮತ ಇರಲಿಲ್ಲ. ಎರಡನೆಯ ಶತಮಾನದ ಗೈಯಸ್‌ಗೆ ಕಾನೂನು ಎರಡೇ ಬಗೆ: ಒಂದೊಂದು ಊರು, ರಾಜ್ಯ ತನಗಾಗಿ ಮಾಡಿಕೊಂಡದ್ದು ಒಂದು, ಸಹಜ ವಿವೇಕ ಎಲ್ಲ ಮನುಷ್ಯರ ನಡುವೆ ನೆಲೆಗೊಳಿಸಿದ್ದು, ಆದ್ದರಿಂದ ಎಲ್ಲ ಕಡೆ ನಡೆಯುವ ಜನಾಂಗಗಳ ಕಾನೂನು ಇನ್ನೊಂದು. ಉಲ್ಪಿಯನ್ ಇದನ್ನು ಮೂರು ಮಾಡಿದ. ಗಂಡು ಹೆಣ್ಣು ಕೂಡುವುದು, ಮರಿಗಳನ್ನು ಸಾಕುವುದು ಮುಂತಾಗಿ ನಿಸರ್ಗ ಎಲ್ಲ ಪ್ರಾಣಿಗಳಿಗೂ ಕಲಿಸಿದ್ದು ನಿಸರ್ಗದ ಕಾನೂನು. ಮನುಷ್ಯರಿಗಷ್ಟೇ ಸೇರಿದ್ದು ಜನಾಂಗಗಳ ಕಾನೂನು. ಒಂದೊಂದು ರಾಜ್ಯದ ಸ್ವಂತ ಕಾನೂನು ಮೂರನೆಯದು. ಹರ್ಮೊಜೀನಿಯನ್ ಎಂಬ ಮತ್ತೊಬ್ಬ ನ್ಯಾಯವೇತ್ತ ಆ ಎರಡನೆಯದಕ್ಕೆ ಸೇರುವುದನ್ನೆಲ್ಲ ಪಟ್ಟಿ ಮಾಡಿದ: ಯುದ್ಧ, ಜನಾಂಗ ಜನಾಂಗಗಳ ವಿಂಗಡಣೆ, ರಾಜ್ಯಸ್ಥಾಪನೆ, ನನ್ನದು ನಿನ್ನದೆಂಬ ಆಸ್ತಿ, ಹೊಲದ ಗಡಿ, ವ್ಯಾಪಾರ, ಬಾಡಿಗೆ. ಏಳನೆಯ ಶತಮಾನದ ಸ್ಪೇನಿನ ಬಿಷಪ್ ಇಸಿಡೋರ್ ತನ್ನ ವಿಶ್ವಕೋಶದಲ್ಲಿ ಇಂಥದ್ದೇ ಪಟ್ಟಿ ಕೊಟ್ಟ. ಸೆರೆ, ಗುಲಾಮಗಿರಿ, ಸಂಧಿ, ಕದನವಿರಾಮ, ರಾಯಭಾರಿಯನ್ನು ಮುಟ್ಟಬಾರದೆಂಬ ನೇಮ, ಪರದೇಶದವರೊಡನೆ ಮದುವೆಗೆ ನಿಷೇಧ ಎಲ್ಲ ಅದರಲ್ಲಿದ್ದವು. ಅದೇ ಇಸಿಡೋರ್ ನಿಸರ್ಗದ ಕಾನೂನಿನ ಕೆಳಗೆ ಬರೆದದ್ದನ್ನೂ ಗಮನಿಸಿ: ಎಲ್ಲವೂ ಎಲ್ಲರಿಗೂ ಸೇರಿದ್ದು, ಎಲ್ಲರಿಗೂ ಒಂದೇ ಸ್ವಾತಂತ್ರ್ಯ. ಒಂದೇ ಪುಸ್ತಕದ ಒಂದೇ ಭಾಗದಲ್ಲಿ ಹತ್ತಿರ ಹತ್ತಿರ ಕುಳಿತ ಈ ಎರಡು ಪಟ್ಟಿಗಳು ಒಂದನ್ನೊಂದು ಹೊಡೆದುಹಾಕುತ್ತವೆ.

ಸುಮಾರು 1140ರಲ್ಲಿ ಬೊಲೋನ್ಯಾದ ಗ್ರಾಶಿಯನ್ ಚರ್ಚಿನ ಕಾನೂನುಗಳನ್ನೆಲ್ಲ ಒಟ್ಟುಗೂಡಿಸಿ ‘ಡಿಕ್ರೀಟಮ್’ ಕಟ್ಟಿದಾಗ ಇಸಿಡೋರ್‌ನ ಎರಡೂ ಪಟ್ಟಿಗಳನ್ನು ಮೊದಲಲ್ಲೇ ಇಟ್ಟ. ಜೊತೆಗೆ ತಾನೊಂದು ಸೂತ್ರ ಸೇರಿಸಿದ: ರೂಢಿಯಾಗಲಿ ಬರಹವಾಗಲಿ ನಿಸರ್ಗದ ಕಾನೂನಿಗೆ ವಿರುದ್ಧವಾದರೆ ಅದು ಶೂನ್ಯ, ಊರ್ಜಿತವಲ್ಲ. ಈಗ ಲೆಕ್ಕ ಹಾಕಿ. ನಿಸರ್ಗದಲ್ಲಿ ಎಲ್ಲವೂ ಎಲ್ಲರದು, ಎಲ್ಲರೂ ಸ್ವತಂತ್ರರು. ನಿಸರ್ಗಕ್ಕೆ ವಿರುದ್ಧವಾದದ್ದು ಊರ್ಜಿತವಲ್ಲ. ಹಾಗಾದರೆ ಆಸ್ತಿಯೂ ಗುಲಾಮಗಿರಿಯೂ ಅವತ್ತೇ ರದ್ದಾಗಬೇಕಿತ್ತು. ಚರ್ಚು ಆ ಹೊತ್ತಿಗೆ ಯೂರೋಪಿನ ದೊಡ್ಡ ಜಮೀನುದಾರ. ಆ ಜಮೀನುಗಳಲ್ಲಿ ಜೀತಕ್ಕೆ ಕಟ್ಟಿಬಿದ್ದವರೂ ಇದ್ದರು.

ಪಾರಾಗುವ ದಾರಿ ತೋರಿಸಿದವನು ಗ್ರಾಶಿಯನ್‌ಗೆ ಭಾಷ್ಯ ಬರೆದ ರುಫಿನಸ್. ನಿಸರ್ಗದ ಕಾನೂನಿನಲ್ಲಿ ವಿಧಿ ಉಂಟು, ನಿಷೇಧ ಉಂಟು, ಮೂರನೆಯದಾಗಿ ಬರೀ ಸೂಚನೆ ಉಂಟು ಎಂದ. ವಿಧಿ ನಿಷೇಧಗಳನ್ನು ಯಾರೂ ಬದಲಿಸಲಾರರು. ಸೂಚನೆ ಹಾಗಲ್ಲ, ಒಳ್ಳೆಯದೆಂದು ನಿಸರ್ಗ ತೋರಿಸುತ್ತದೆ, ಹೀಗೇ ಮಾಡೆಂದು ಕಟ್ಟುಹಾಕುವುದಿಲ್ಲ. ಎಲ್ಲರ ಸ್ವಾತಂತ್ರ್ಯ, ಎಲ್ಲರ ಆಸ್ತಿ ಈ ಮೂರನೆಯದಕ್ಕೆ ಸೇರಿದವು. ಮೀಮಾಂಸೆ ಓದಿದವರಿಗೆ ಇದು ಪರಿಚಿತ ದಾರಿ. ವಿಧಿಯನ್ನು ಅರ್ಥವಾದವನ್ನಾಗಿ ಓದಿ ಬಿಡಿಸಿಕೊಳ್ಳುವ ಜಾಣ್ಮೆ ನಮ್ಮಲ್ಲೂ ಕಡಿಮೆಯಿರಲಿಲ್ಲ. ರುಫಿನಸ್‌ನನ್ನು ಬರೀ ಕಪಟಿ ಎಂದು ತಳ್ಳಿಹಾಕುವುದು ಸುಲಭ, ಆದರೆ ಅವನು ಮಾಡಿದ್ದರಲ್ಲಿ ಒಂದು ಲಾಭವಿತ್ತು. ಸ್ವಾತಂತ್ರ್ಯ ನಿಸರ್ಗದ್ದು ಎಂಬ ಮಾತನ್ನು ಅವನು ಅಳಿಸಲಿಲ್ಲ. ಬದಿಗೆ ಸರಿಸಿದ, ಅಷ್ಟೆ. ಬದಿಗೆ ಸರಿಸಿದ್ದನ್ನು ಇನ್ನೊಬ್ಬ ಎಂದಾದರೂ ಎತ್ತಿಕೊಳ್ಳಬಹುದು.

*

ಥಾಮಸ್ ಅಕ್ವಿನಾಸ್‌ನ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು. ಸುಮಾರು 1225ರಲ್ಲಿ ನೇಪಲ್ಸ್ ಸೀಮೆಯ ಶ್ರೀಮಂತ ಮನೆಯಲ್ಲಿ ಹುಟ್ಟಿ, ಭಿಕ್ಷೆಯಲ್ಲೇ ಬದುಕುವ ಡೊಮಿನಿಕನ್ ಪಂಥ ಸೇರಿ, ಪ್ಯಾರಿಸ್ಸಿನಲ್ಲಿ ಪಾಠ ಹೇಳಿ, 1274ರಲ್ಲಿ ತೀರಿಕೊಂಡವನು. ಅವನ ದೊಡ್ಡ ಕೃತಿ ‘ಸುಮ್ಮಾ’ ಮುಗಿಯಲೇ ಇಲ್ಲ. ಅದರ ಬರವಣಿಗೆಯ ಕ್ರಮ ನಮಗೆ ಹೊಸದಲ್ಲ. ಮೊದಲು ಪ್ರಶ್ನೆ, ಆಮೇಲೆ ತನ್ನ ಅಭಿಪ್ರಾಯಕ್ಕೆ ಎದುರಾದ ಪೂರ್ವಪಕ್ಷಗಳು, ಒಂದಾದ ಮೇಲೊಂದು, ಪೂರ್ಣ ಬಲದಲ್ಲಿ, ಬಳಿಕ ಸಿದ್ಧಾಂತ, ಕೊನೆಗೆ ಪ್ರತಿಯೊಂದು ಆಕ್ಷೇಪಕ್ಕೂ ಬಿಡಿ ಉತ್ತರ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿದ ಮೇಲೆಯೇ ಬಾಯಿ ತೆರೆಯಬೇಕು ಎಂಬ ಈ ಶಿಸ್ತು ಸ್ಕೊಲಾಸ್ಟಿಕ್ ಎನಿಸಿಕೊಂಡ ಈ ಮಧ್ಯಯುಗದ ಪಂಡಿತರ ಯಾವ ಸಿದ್ಧಾಂತಕ್ಕಿಂತಲೂ ದೊಡ್ಡದೆಂದು ನನ್ನ ಭಾವನೆ.

ಕಾನೂನೆಂದರೆ ಸಮುದಾಯದ ಹೊಣೆ ಹೊತ್ತವರು ಎಲ್ಲರ ಹಿತಕ್ಕಾಗಿ ಬುದ್ಧಿಯಿಂದ ಮಾಡಿದ, ಎಲ್ಲರಿಗೂ ತಿಳಿಸಿದ ಏರ್ಪಾಡು ಎಂದು ಅಕ್ವಿನಾಸ್ ಹಿಡಿದ. ಇದರಲ್ಲಿ ಬುದ್ಧಿ ಎಂಬುದೇ ತೂಕದ ಮಾತು; ಅರಸನ ಇಷ್ಟಕ್ಕೆ ಅಲ್ಲಿ ಜಾಗ ಇಲ್ಲ. ದೇವರ ಬುದ್ಧಿಯಲ್ಲಿ ಇರುವುದು ಶಾಶ್ವತ ಕಾನೂನು. ಅದರಲ್ಲಿ ಮನುಷ್ಯ ತನ್ನ ಬುದ್ಧಿಯಿಂದ ಪಡೆಯುವ ಪಾಲು ನಿಸರ್ಗದ ಕಾನೂನು. ಒಳಿತನ್ನು ಮಾಡು, ಕೆಡುಕನ್ನು ಬಿಡು ಎಂಬುದು ಅದರ ಮೊದಲ ಮೆಟ್ಟಿಲು. ಅಲ್ಲಿಂದ ಕೆಳಗಿಳಿದಷ್ಟೂ ಖಚಿತತೆ ಕಡಿಮೆಯಾಗುತ್ತದೆ ಎಂದು ಅವನು ಒಪ್ಪಿಕೊಂಡ. ನಂಬಿ ಇಟ್ಟ ಒತ್ತೆಯನ್ನು ಹಿಂದಿರುಗಿಸಬೇಕು, ನಿಜ. ಇಟ್ಟವನು ಅದನ್ನು ಕೇಳುತ್ತಿರುವುದು ತಾಯ್ನಾಡಿನ ಮೇಲೆ ಯುದ್ಧ ಮಾಡಲು ಎಂದಾದರೆ ಕೊಡಬಾರದು. ಕಳವು ತಪ್ಪೆಂಬುದು ಹಳೆಯ ಜರ್ಮನರಿಗೆ ತಿಳಿದಿರಲಿಲ್ಲ ಎಂಬ ಜೂಲಿಯಸ್ ಸೀಸರನ ವರದಿಯನ್ನೂ ಅವನೇ ಮುಂದಿಡುತ್ತಾನೆ. ಎಲ್ಲರ ಬುದ್ಧಿಗೂ ಹೊಳೆಯುತ್ತದೆ ಎನ್ನುವ ಸಿದ್ಧಾಂತಕ್ಕೆ ಇದು ತೊಡಕು, ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ.

ಜನಾಂಗಗಳ ಕಾನೂನಿಗೆ ಅವನು ಕೊಟ್ಟ ಸ್ಥಾನ ಎತ್ತರದ್ದು. ಪ್ರಮೇಯದಿಂದ ತೀರ್ಮಾನ ಹೊರಡುವ ಹಾಗೆ ನಿಸರ್ಗದ ಕಾನೂನಿನಿಂದ ಹೊರಟದ್ದು ಜನಾಂಗಗಳ ಕಾನೂನು. ಕೊಡುಕೊಳ್ಳುವಿಕೆ ನ್ಯಾಯವಾಗಿರಬೇಕು, ಇಲ್ಲದಿದ್ದರೆ ಮನುಷ್ಯರು ಕೂಡಿ ಬಾಳಲಾರರು, ಕೂಡಿ ಬಾಳುವುದೋ ಮನುಷ್ಯನ ಸ್ವಭಾವ. ಅಪರಾಧಕ್ಕೆ ಶಿಕ್ಷೆ ಇರಬೇಕು ಎಂಬುದು ಹೀಗೆ ಹೊರಟ ತೀರ್ಮಾನ. ಯಾವ ಅಪರಾಧಕ್ಕೆ ಎಷ್ಟು ಎಂಬುದು ಆಯಾ ರಾಜ್ಯ ಗೊತ್ತುಮಾಡಿಕೊಳ್ಳುವ ವಿವರ. ಹೊಲವೊಂದನ್ನು ಸುಮ್ಮನೆ ನೋಡಿದರೆ ಅದು ಇವನದೇ ಆಗಬೇಕೆಂಬುದಕ್ಕೆ ಕಾರಣ ಕಾಣದು. ಉಳುಮೆ ಯಾರು ಮಾಡುತ್ತಾರೆ, ಜಗಳವಿಲ್ಲದೆ ಅನುಭವಿಸುವುದು ಹೇಗೆ ಎಂದು ನೋಡಿದಾಗ ಒಡೆತನಕ್ಕೆ ಕಾರಣ ಹುಟ್ಟುತ್ತದೆ.

ಇಲ್ಲಿಯವರೆಗೆ ಸರಿ. ಗುಲಾಮಗಿರಿ? ಇಸಿಡೋರ್‌ನ ಪಟ್ಟಿಯನ್ನೇ ಪೂರ್ವಪಕ್ಷವಾಗಿ ಎತ್ತಿಕೊಂಡು ಅಕ್ವಿನಾಸ್ ಕೊಡುವ ಉತ್ತರ ವಿಚಿತ್ರವಾಗಿದೆ. ಮನುಷ್ಯ ಬೆತ್ತಲೆ ಇರುವುದೂ ನಿಸರ್ಗದ್ದೇ, ಏಕೆಂದರೆ ಬಟ್ಟೆಯನ್ನು ನಿಸರ್ಗ ಕೊಡಲಿಲ್ಲ, ಕೈಕೆಲಸ ಕಂಡುಹಿಡಿಯಿತು. ಅದೇ ಅರ್ಥದಲ್ಲಿ ಎಲ್ಲರ ಸ್ವಾತಂತ್ರ್ಯವೂ ಎಲ್ಲರ ಆಸ್ತಿಯೂ ನಿಸರ್ಗದವು. ಗುಲಾಮಗಿರಿಯನ್ನೂ ಸ್ವಂತ ಆಸ್ತಿಯನ್ನೂ ನಿಸರ್ಗ ತರಲಿಲ್ಲ; ಬದುಕಿನ ಅನುಕೂಲಕ್ಕೆಂದು ಮನುಷ್ಯನ ಬುದ್ಧಿ ತಂದಿತು. ನಿಸರ್ಗ ಬದಲಾದಂತಾಗಲಿಲ್ಲ, ಅದಕ್ಕೆ ಒಂದು ಸೇರ್ಪಡೆ ಆಯಿತು.

ಗುಲಾಮಗಿರಿ ಬಟ್ಟೆಯಂತೆ! ಬಟ್ಟೆ ಉಟ್ಟವನ ಮೈಗೆ ಬೆಚ್ಚಗೆ. ಇದು ಯಾರ ಮೈಗೆ ಬೆಚ್ಚಗೆ ಎಂದು ಕೇಳುವ ಪೂರ್ವಪಕ್ಷವನ್ನು ಆ ಪುಟದಲ್ಲಿ ಅವನು ಬರೆಯಲಿಲ್ಲ. ಬೇರೊಂದು ಕಡೆ ಅರಿಸ್ಟಾಟಲ್‌ನನ್ನು ನೆಚ್ಚಿಕೊಂಡು, ತಿಳಿದವನ ಕೈಕೆಳಗೆ ಇರುವುದು ಇವನಿಗೂ ಉಪಯೋಗ, ಇವನ ನೆರವು ಅವನಿಗೂ ಉಪಯೋಗ ಎಂದು ಹೇಳಿ ಮುಂದೆ ಹೋಗುತ್ತಾನೆ. ನನ್ನ ಬೇಸರಕ್ಕೆ ಕಾರಣವಿದೆ. ಆಸ್ತಿಯ ವಿಷಯದಲ್ಲಿ ಇದೇ ತರ್ಕದಿಂದ ಅವನು ಎಂಥ ದೂರಕ್ಕೆ ಹೋದ ನೋಡಿ: ಒಡೆತನ ಮನುಷ್ಯ ಮಾಡಿದ ಏರ್ಪಾಡು; ವಸ್ತುಗಳು ಇರುವುದು ಎಲ್ಲರ ಬದುಕಿಗಾಗಿ; ಆದ್ದರಿಂದ ಬೇರೆ ದಾರಿಯೇ ಇಲ್ಲದೆ ಪ್ರಾಣಕ್ಕೆ ಬಂದಾಗ ಇನ್ನೊಬ್ಬರ ಅನ್ನವನ್ನು ಎತ್ತಿಕೊಂಡವನು, ಕದ್ದೇ ಎತ್ತಿಕೊಂಡಿದ್ದರೂ, ಕಳ್ಳನಲ್ಲ. ಹದಿಮೂರನೆಯ ಶತಮಾನದಲ್ಲಿ ಹೀಗೆ ಬರೆದವನು ಒಡೆತನ ಮನುಷ್ಯ ಮಾಡಿದ್ದು ಎಂಬ ಅದೇ ವಾಕ್ಯವನ್ನು ಗುಲಾಮನ ಕಡೆಗೂ ಎರಡು ಹೆಜ್ಜೆ ನಡೆಸಬಹುದಿತ್ತು. ಒಂದು ಹೆಜ್ಜೆ ನಡೆಸಿದ್ದಾನೆ, ಅದನ್ನು ಮರೆಯಬಾರದು: ಮೈ, ಹೊಟ್ಟೆ, ಸಂತಾನಗಳ ವಿಷಯದಲ್ಲಿ ಎಲ್ಲ ಮನುಷ್ಯರೂ ಸಮಾನರು, ಮದುವೆಯಾಗಬೇಕೋ ಬೇಡವೋ ಎಂಬುದರಲ್ಲಿ ಗುಲಾಮ ಒಡೆಯನ ಮಾತು ಕೇಳಬೇಕಿಲ್ಲ ಎಂದ. ಅಲ್ಲಿಗೆ ನಿಂತ.

ಅನ್ಯಧರ್ಮೀಯರ ರಾಜ್ಯಗಳ ವಿಷಯದಲ್ಲಿ ಈ ಕಾಲದ ವಾದ ಇನ್ನೂ ಬಿರುಸಾಗಿತ್ತು. 1243ರಿಂದ 1254ರವರೆಗೆ ಪೋಪ್ ಆಗಿದ್ದ ನಾಲ್ಕನೆಯ ಇನೊಸೆಂಟ್ ಮೊದಲಿಗೆ ಕಾನೂನು ಪಂಡಿತ. ಒಡೆತನವನ್ನೂ ಆಳುವ ಅಧಿಕಾರವನ್ನೂ ದೇವರು ಬುದ್ಧಿಯುಳ್ಳ ಎಲ್ಲ ಜೀವಿಗಳಿಗೆ ಕೊಟ್ಟದ್ದು, ಕ್ರೈಸ್ತರಿಗೆ ಮಾತ್ರ ಅಲ್ಲ. ಧರ್ಮ ಬೇರೆ ಎಂಬ ಕಾರಣಕ್ಕೆ ಯಾರ ರಾಜ್ಯವನ್ನೂ ಕಿತ್ತುಕೊಳ್ಳಬಾರದು ಎಂದ. ಅವನ ಶಿಷ್ಯ ಹೊಸ್ಟಿಯೆನ್ಸಿಸ್ ಇದನ್ನು ತಿರುಗಿಸಿಹಾಕಿದ: ಕ್ರಿಸ್ತ ಬಂದ ದಿನದಿಂದ ಅವಿಶ್ವಾಸಿಗಳ ಒಡೆತನವೆಲ್ಲ ವಿಶ್ವಾಸಿಗಳಿಗೆ ವರ್ಗವಾಯಿತು. ದೈವಕೃಪೆಯಿಂದ ಬಂದ ಕಾನೂನು ಸಹಜ ಬುದ್ಧಿಯಿಂದ ಬಂದ ಕಾನೂನನ್ನು ಅಳಿಸುವುದಿಲ್ಲ ಎಂದು ಅಕ್ವಿನಾಸ್ ಬರೆದದ್ದು ಇನೊಸೆಂಟ್‌ನ ಕಡೆಗೇ ವಾಲುತ್ತದೆ, ಚರ್ಚಿಗೆ ಒಂದು ಕಿಂಡಿ ತೆರೆದಿಟ್ಟಿದ್ದರೂ. 1414ರಿಂದ 1418ರವರೆಗೆ ನಡೆದ ಕಾನ್‌ಸ್ಟಾನ್ಸ್ ಧರ್ಮಸಭೆಯಲ್ಲಿ ಈ ಜಗಳ ಪುಸ್ತಕದಿಂದ ಹೊರಬಂತು. ಬಾಲ್ಟಿಕ್ ತೀರದಲ್ಲಿ ಧರ್ಮದ ಹೆಸರಲ್ಲಿ ನೆಲ ಗೆಲ್ಲುತ್ತಿದ್ದ ಟ್ಯೂಟಾನಿಕ್ ಯೋಧರ ವಿರುದ್ಧ ಪೋಲೆಂಡಿನ ಪರವಾಗಿ ಕ್ರಾಕೋ ವಿಶ್ವವಿದ್ಯಾಲಯದ ಪಾವೆಲ್ ವ್ಲೊಡ್ಕೊವಿಚ್ ಎದ್ದು ನಿಂತು, ತಮ್ಮ ಪಾಡಿಗೆ ತಾವು ಇರುವ ಅನ್ಯಮತೀಯರ ಮೇಲೆ ಯುದ್ಧ ಮಾಡುವುದು ಅನ್ಯಾಯ ಎಂದು ವಾದಿಸಿದ. ಚರ್ಚನ್ನು ಟೀಕಿಸಿದ ಪಾದ್ರಿ ಯಾನ್ ಹುಸ್‌ನನ್ನು ಸುಟ್ಟದ್ದೂ ಅದೇ ಸಭೆ.

*

ಪಂಚಾಂಗದ ಪ್ರಕಾರ ಮಧ್ಯಯುಗ ಇಲ್ಲಿಗೆ ಮುಗಿಯುತ್ತದೆ. ವಿಧಾನದ ಪ್ರಕಾರ ಇಲ್ಲ. ಸಲಾಮಾಂಕಾದಲ್ಲಿ 1526ರಿಂದ ದೇವಶಾಸ್ತ್ರದ ಪ್ರಧಾನ ಪೀಠದಲ್ಲಿದ್ದ ಡೊಮಿನಿಕನ್ ಫ್ರಾನ್ಸಿಸ್ಕೊ ದೆ ವಿಟೋರಿಯಾ ತರಗತಿಯಲ್ಲಿ ಪಾಠಕ್ಕಿಟ್ಟದ್ದು ‘ಸುಮ್ಮಾ’ವನ್ನೇ. ಪ್ರಶ್ನೆ ಮಾತ್ರ ಹೊಸದು, ಸಮುದ್ರದಾಚೆಯಿಂದ ಬಂದದ್ದು. ಪೋಪ್ ಆರನೆಯ ಅಲೆಕ್ಸಾಂಡರ್ 1493ರಲ್ಲಿ ಅಮೆರಿಕದ ನೆಲವನ್ನು ಸ್ಪೇನಿನ ಅರಸರಿಗೆ ಬರೆದುಕೊಟ್ಟಿದ್ದ. 1511ರ ಡಿಸೆಂಬರಿನಲ್ಲಿ ಹಿಸ್ಪಾನಿಯೋಲಾ ದ್ವೀಪದ ಚರ್ಚಿನಲ್ಲಿ ಆಂಟೋನಿಯೊ ದೆ ಮಾಂಟೆಸಿನೊಸ್ ಎಂಬ ಡೊಮಿನಿಕನ್, ಅಲ್ಲಿನ ಮೂಲನಿವಾಸಿಗಳ ಪರವಾಗಿ, ಇವರು ಮನುಷ್ಯರಲ್ಲವೇ ಎಂದು ಸ್ಪೇನಿನ ಯಜಮಾನರ ಮುಖದ ಮೇಲೆ ಕೇಳಿದ. ಸರ್ಕಾರ ಕೊಟ್ಟ ಉತ್ತರಗಳಲ್ಲೊಂದು 1513ರ ‘ರೆಕೆರಿಮಿಯೆಂತೊ’: ದಾಳಿಗೆ ಮೊದಲು ಊರಿನವರಿಗೆ ಓದಿ ಹೇಳಬೇಕಾದ ತಾಕೀತು ಪತ್ರ. ಸೃಷ್ಟಿಯಿಂದ ಪೋಪ್‌ವರೆಗಿನ ಕಥೆ ಹೇಳಿ, ಶರಣಾಗಿ, ಇಲ್ಲದಿದ್ದರೆ ಆಗುವ ಸಾವುನೋವು ನಿಮ್ಮದೇ ತಪ್ಪು ಎಂದು ಮುಗಿಯುವ ಆ ಕಾಗದವನ್ನು ಕೇಳುವವರಿಗೆ ತಿಳಿಯದ ಭಾಷೆಯಲ್ಲಿ ಓದುತ್ತಿದ್ದರು. ಕಾನೂನು ಎಲ್ಲರಿಗೂ ತಿಳಿಸಿದ ಏರ್ಪಾಡಾಗಿರಬೇಕು ಎಂಬ ಅಕ್ವಿನಾಸ್‌ನ ಷರತ್ತಿಗೆ ಇದಕ್ಕಿಂತ ಕ್ರೂರ ಅಣಕ ನಾನು ಕಂಡಿಲ್ಲ.

ವಿಟೋರಿಯಾ ಅಮೆರಿಕಕ್ಕೆ ಹೋದವನಲ್ಲ. ಪೆರುವಿನಿಂದ ಚಿನ್ನ ಹೊತ್ತು ಮರಳಿದವರು ಪಾಪನಿವೇದನೆಗೆಂದು ಅವನ ಮಠಕ್ಕೇ ಬರುತ್ತಿದ್ದರು. ಆ ಸುದ್ದಿ ಕೇಳಿ ನೆತ್ತರು ಹೆಪ್ಪುಗಟ್ಟುತ್ತದೆಂದು 1534ರ ಒಂದು ಕಾಗದದಲ್ಲಿ ಬರೆದುಕೊಂಡಿದ್ದಾನೆ. 1539ರ ಜನವರಿಯಲ್ಲಿ ಇಡೀ ವಿಶ್ವವಿದ್ಯಾಲಯದ ಮುಂದೆ ಕೊಟ್ಟ ಉಪನ್ಯಾಸದಲ್ಲಿ ಇಂಡಿಯನ್ನರ, ಎಂದರೆ ಅಮೆರಿಕದ ಆ ಮೂಲನಿವಾಸಿಗಳ, ಪ್ರಶ್ನೆ ಎತ್ತಿಕೊಂಡ. ವರ್ಷಕ್ಕೊಮ್ಮೆ ಪ್ರಾಧ್ಯಾಪಕರು ಹಾಗೆ ಬಹಿರಂಗ ಉಪನ್ಯಾಸ ಕೊಡಬೇಕಿತ್ತು. ನಮ್ಮ ಈ ದತ್ತಿ ಉಪನ್ಯಾಸದ ಹಿರಿಯಣ್ಣ ಎನ್ನಿ. ಈ ಉಪನ್ಯಾಸಗಳಲ್ಲಿ ಒಂದನ್ನೂ ವಿಟೋರಿಯಾ ಅಚ್ಚು ಹಾಕಿಸಲಿಲ್ಲ. ಅವನು 1546ರಲ್ಲಿ ತೀರಿಕೊಂಡ ಮೇಲೆ, ಶಿಷ್ಯರು ಬರೆದುಕೊಂಡದ್ದು 1557ರಲ್ಲಿ ಲಿಯೋನ್‌ನಲ್ಲಿ ಅಚ್ಚಾಯಿತು.

ಆ ಉಪನ್ಯಾಸದ ಮೊದಲರ್ಧ ಓದುವಾಗ ಈಗಲೂ ಮೈ ನೆಟ್ಟಗಾಗುತ್ತದೆ. ಸ್ಪೇನಿನವರು ಬರುವ ಮೊದಲು ಇಂಡಿಯನ್ನರು ತಮ್ಮ ನೆಲಕ್ಕೆ ನಿಜವಾದ ಒಡೆಯರಾಗಿದ್ದರು. ಅವರಿಗೆ ಊರುಗಳಿವೆ, ಮದುವೆ, ಅಧಿಕಾರಿಗಳು, ಕಾನೂನು, ವ್ಯಾಪಾರ ಇವೆ. ಬುದ್ಧಿ ಇಲ್ಲದವರಿಗೆ ಇವು ಇರುವುದಿಲ್ಲ. ಚಕ್ರವರ್ತಿ ಲೋಕಕ್ಕೆಲ್ಲ ಒಡೆಯನಲ್ಲ. ಪೋಪ್ ಲೋಕದ ಲೌಕಿಕ ದೊರೆಯಲ್ಲ. ತನ್ನದಲ್ಲದ್ದನ್ನು ದಾನ ಕೊಡಲಾರ. ನಾವು ಮೊದಲು ಕಂಡುಹಿಡಿದೆವು ಎಂಬುದರಿಂದ ಹಕ್ಕು ಹುಟ್ಟುವುದಿಲ್ಲ, ಅವರು ಬಂದು ನಮ್ಮನ್ನು ಕಂಡುಹಿಡಿದಿದ್ದರೆ ಹುಟ್ಟುತ್ತಿದ್ದಷ್ಟೇ. ಕ್ರೈಸ್ತಧರ್ಮ ಒಪ್ಪಲಿಲ್ಲವೆಂಬುದೂ ಯುದ್ಧಕ್ಕೆ ಕಾರಣವಲ್ಲ. ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ರಾಜ್ಯದಲ್ಲಿ, ಅವನದೇ ವಿಶ್ವವಿದ್ಯಾಲಯದಲ್ಲಿ ನಿಂತು ಆಡಿದ ಮಾತುಗಳಿವು. ಅದೇ ವರ್ಷದ ನವೆಂಬರಿನಲ್ಲಿ ಚಕ್ರವರ್ತಿ ಆ ಮಠದ ಮುಖ್ಯಸ್ಥನಿಗೆ ಕಾಗದ ಬರೆದು, ಈ ವಿಷಯದ ಮೇಲೆ ಸನ್ಯಾಸಿಗಳು ಮಾತಾಡುವುದನ್ನು ನಿಲ್ಲಿಸೆಂದ.

ಉತ್ತರಾರ್ಧ ಬೇರೆ. ಸ್ಪೇನಿಗೆ ಹಾಗಾದರೆ ಅಲ್ಲಿ ಯಾವ ಹಕ್ಕು ಇದ್ದೀತು ಎಂದು ವಿಟೋರಿಯಾ ಹುಡುಕುತ್ತಾನೆ, ಮೊದಲು ಕೈಗೆ ಸಿಗುವುದು ಜನಾಂಗಗಳ ಕಾನೂನು. ಯಾರಿಗೂ ಕೇಡು ಮಾಡದೆ ಬೇರೆ ನಾಡುಗಳಲ್ಲಿ ಓಡಾಡುವುದು, ತಂಗುವುದು, ವ್ಯಾಪಾರ ಮಾಡುವುದು ಎಲ್ಲ ಮನುಷ್ಯರ ಹಕ್ಕು. ಸ್ಪೇನಿನವರು ಫ್ರಾನ್ಸಿನಲ್ಲಿ ತಿರುಗಾಡುವುದನ್ನು ಫ್ರೆಂಚರು ತಡೆಯಬಾರದಷ್ಟೇ, ಹಾಗೆ. ಇಂಡಿಯನ್ನರು ತಡೆದರೆ ಮೊದಲು ಬುದ್ಧಿ ಹೇಳಬೇಕು. ಕೇಳದೆ ಮೇಲೆ ಬಿದ್ದರೆ ತಮ್ಮನ್ನು ಕಾಪಾಡಿಕೊಳ್ಳಬಹುದು. ಆಮೇಲೂ ತಣ್ಣಗಾಗದಿದ್ದರೆ ಯುದ್ಧದ ಹಕ್ಕುಗಳೆಲ್ಲ ಒಂದೊಂದಾಗಿ ಜಾರಿಗೆ ಬರುತ್ತವೆ, ನೆಲ ಹಿಡಿಯುವುದೂ ಸೆರೆ ಹಿಡಿಯುವುದೂ ಸೇರಿ. ಎರಡೂ ಕಡೆಗೆ ಒಂದೇ ಅಳತೆ ಎಂಬಂತೆ ಕಾಣುತ್ತದೆ. ಆದರೆ ಕ್ಯೂಬಾದಿಂದ ಯಾವ ದೋಣಿಯೂ ಸೆವಿಲ್‌ಗೆ ವ್ಯಾಪಾರಕ್ಕೆ ಹೋಗುವಂತಿರಲಿಲ್ಲ. ಬಂದ ಅತಿಥಿಯ ಸೊಂಟದಲ್ಲಿ ಕತ್ತಿ ಇದ್ದಾಗ ಊರಿನವರು ಹೆದರುವುದು ಸಹಜ, ಅವರ ಹೆದರಿಕೆಯೂ ನ್ಯಾಯವೇ ಎಂದು ವಿಟೋರಿಯಾ ಬರೆಯುತ್ತಾನೆ; ಆದರೂ ಆ ಕತ್ತಿಯನ್ನು ಬಂದರಿನಲ್ಲೇ ಇಟ್ಟು ಬಾ ಎಂದು ಹೇಳುವುದಿಲ್ಲ.

ಕೊನೆಯ ಪುಟದಲ್ಲಿ ಒಂದು ಮಾತಿದೆ. ಕರಾವಳಿಯ ಕನ್ನಡಿಗರು ಓದಿದರೆ ನಕ್ಕಾರು. ಈ ಹಕ್ಕುಗಳು ಯಾವುವೂ ನಿಲ್ಲದಿದ್ದರೆ ಸ್ಪೇನಿಗೆ ನಷ್ಟವಲ್ಲವೇ ಎಂಬ ಆಕ್ಷೇಪಕ್ಕೆ ವಿಟೋರಿಯಾ ಪೋರ್ಚುಗೀಸರನ್ನು ನೋಡಿ ಎನ್ನುತ್ತಾನೆ: ಇಂಥದೇ ಜನಗಳ ಜೊತೆ ಅವರನ್ನು ಗೆದ್ದುಕೊಳ್ಳದೆಯೇ ದೊಡ್ಡ ವ್ಯಾಪಾರ ಮಾಡಿ ಲಾಭ ಪಡೆಯುತ್ತಿಲ್ಲವೇ? ಆಗ ಗೋವೆ ಪೋರ್ಚುಗೀಸರ ಅಲ್ಬುಕರ್ಕನ ಕೈಗೆ ಬಿದ್ದು ಇಪ್ಪತ್ತೆಂಟು ವರ್ಷ ಆಗಿತ್ತು.

ಗುಲಾಮಗಿರಿಯ ಎಳೆ ಇಲ್ಲೇ ಮತ್ತೆ ಸಿಗುತ್ತದೆ, ಬಲು ಕಹಿಯಾಗಿ. ಪೋರ್ಚುಗೀಸರು ಆಫ್ರಿಕದಿಂದ ತಂದು ಮಾರುತ್ತಿದ್ದ ಗುಲಾಮರನ್ನು ಕೊಳ್ಳಬಹುದೇ ಎಂದು ಒಬ್ಬ ಸನ್ಯಾಸಿ ಕೇಳಿದಾಗ ವಿಟೋರಿಯಾ ಕಾಗದದಲ್ಲಿ ಕೊಟ್ಟ ಉತ್ತರದ ಸಾರ ಇಷ್ಟು: ಮೋಸದಿಂದ ಹಿಡಿದು ತಂದದ್ದಾದರೆ ತಪ್ಪು, ಆದರೆ ಅಲ್ಲಿಯವರು ತಮ್ಮ ತಮ್ಮೊಳಗಿನ ಯುದ್ಧದಲ್ಲಿ ಸೆರೆ ಹಿಡಿದವರಾದರೆ ಆ ಯುದ್ಧ ನ್ಯಾಯದ್ದೋ ಅಲ್ಲವೋ ಎಂದು ಪೋರ್ಚುಗೀಸರು ವಿಚಾರಿಸಬೇಕಿಲ್ಲ, ಗುಲಾಮನಾಗಿದ್ದಾನೆ ಎಂಬುದೇ ಸಾಕು. ಸ್ಪೇನಿನ ಯುದ್ಧ ನ್ಯಾಯದ್ದೇ ಎಂದು ಪುಟಗಟ್ಟಲೆ ವಿಚಾರಿಸಿದವನು ಇವನೇ. ಜನಾಂಗಗಳ ಕಾನೂನಿನ ಹಳೆಯ ಖಾನೆಯಲ್ಲಿ ಯುದ್ಧಕೈದಿ ಗುಲಾಮ ಎಂಬ ಸಾಲು ಸಾವಿರ ವರ್ಷದಿಂದ ಕುಳಿತಿತ್ತು. ಅದು ಬುದ್ಧಿಯ ತೀರ್ಮಾನ ಎಂಬ ಅಕ್ವಿನಾಸ್‌ನ ಗೌರವವೂ ಅದಕ್ಕೆ ದೊರೆತಿತ್ತು. ವಿಟೋರಿಯಾ ಅದನ್ನು ಮುಟ್ಟಿ ನೋಡಲಿಲ್ಲ. ಅವನ ಸಹೋದ್ಯೋಗಿ ಡೊಮಿಂಗೊ ದೆ ಸೊಟೊ, ಮೋಸದಿಂದ ತಂದವರನ್ನು ಇಟ್ಟುಕೊಂಡವರಿಗೆ ಮನಸ್ಸಾಕ್ಷಿಯ ನೆಮ್ಮದಿ ಇರಲಾರದು ಎಂದು ಸ್ವಲ್ಪ ಗಟ್ಟಿಯಾಗಿ ಬರೆದ. ಇನ್ನೂ ಮುಂದೆ ಹೋದವನು ಜೆಸುಯಿಟ್ ಪಂಥದ ಲೂಯಿಸ್ ದೆ ಮೊಲಿನಾ. ಅವನು ಗ್ರಂಥ ಬಿಟ್ಟು ಎದ್ದು ವ್ಯಾಪಾರಿಗಳನ್ನೇ ಕೇಳಿದ. ಅಲ್ಲಿ ಹೇಗೆ ಕೊಳ್ಳುತ್ತೀರಿ, ಯಾರಿಂದ, ಯಾವ ಯುದ್ಧದವರು ಎಂದು ವಿವರ ಕಲೆಹಾಕಿ, ಈ ವ್ಯಾಪಾರದ ಬಹುಪಾಲು ಅನ್ಯಾಯದ್ದೆಂಬ ತೀರ್ಮಾನಕ್ಕೆ ಬಂದ. ವ್ಯಾಪಾರ ಮಾತ್ರ ನಿಲ್ಲಲಿಲ್ಲ.

*

ಗ್ರನಾಡಾದ ಫ್ರಾನ್ಸಿಸ್ಕೊ ಸುವಾರೆಸ್ ಪೋರ್ಚುಗಲ್ಲಿನ ಕೊಯಿಂಬ್ರಾದಲ್ಲಿ ಪಾಠ ಹೇಳುತ್ತಿದ್ದ ಜೆಸುಯಿಟ್. 1612ರಲ್ಲಿ ಅಚ್ಚಾದ ಅವನ ಕಾನೂನು ಗ್ರಂಥ ಓದಲು ಪ್ರಯಾಸದ್ದು. ಸಾರವನ್ನು ಬೇಗ ಹೇಳಿಬಿಡುತ್ತೇನೆ. ಜನಾಂಗಗಳ ಕಾನೂನು ನಿಸರ್ಗದ ಕಾನೂನಿನ ಅನಿವಾರ್ಯ ತೀರ್ಮಾನವಲ್ಲ ಎಂದ ಸುವಾರೆಸ್. ಅನಿವಾರ್ಯವಾಗಿದ್ದರೆ ಅದು ನಿಸರ್ಗದ ಕಾನೂನೇ ಆಗಿಬಿಡುತ್ತಿತ್ತು, ಬೇರೆ ಹೆಸರೇಕೆ? ಅದು ಮನುಷ್ಯರು ಮಾಡಿದ ಕಾನೂನು. ಯಾವ ಒಬ್ಬ ರಾಜನೂ ಮಾಡಿದ್ದಲ್ಲ, ಬರಹದಲ್ಲೂ ಇಲ್ಲ, ಬಹುತೇಕ ಎಲ್ಲ ಜನಾಂಗಗಳ ರೂಢಿಯಿಂದ ನಿಧಾನವಾಗಿ ಬೆಳೆದದ್ದು. ಎಷ್ಟೇ ರಾಜ್ಯಗಳಾಗಿ ಹಂಚಿಹೋಗಿದ್ದರೂ ಮನುಷ್ಯಕುಲಕ್ಕೆ ಒಂದು ಬಗೆಯ ಒಗ್ಗಟ್ಟು ಉಳಿದೇ ಇದೆ, ಯಾವ ರಾಜ್ಯವೂ ಇನ್ನೊಂದರ ಹಂಗಿಲ್ಲದೆ ಬಾಳಲಾರದು, ಆದ್ದರಿಂದ ಇಂಥ ರೂಢಿ ಹುಟ್ಟಿತು.

ಮೇಲುನೋಟಕ್ಕೆ ಇದು ಇಳಿಕೆ: ಬುದ್ಧಿಯ ತೀರ್ಮಾನವಾಗಿದ್ದದ್ದು ಬರೀ ರೂಢಿಯಾಯಿತು. ನಿಸರ್ಗದ ಕಾನೂನನ್ನು ಮೆಚ್ಚುವ ಎಷ್ಟೋ ಮಂದಿ ಸುವಾರೆಸ್‌ನನ್ನು ಈ ಕಾರಣಕ್ಕೆ ದೂರಿದ್ದಾರೆ. ನಾನು ಒಪ್ಪುವುದಿಲ್ಲ. ಬುದ್ಧಿಯ ತೀರ್ಮಾನವನ್ನು ಬದಲಿಸುವವರು ಯಾರು? ರೂಢಿಯಾದರೆ ಜನಾಂಗಗಳ ಒಪ್ಪಿಗೆಯಿಂದ ಬದಲಾಗಬಹುದು, ಬದಲಾಗಿಯೂ ಇದೆ ಎಂದು ಅವನು ಕೊಟ್ಟ ಉದಾಹರಣೆ ಏನು ಗೊತ್ತೆ? ಕ್ರೈಸ್ತರೊಳಗಿನ ಯುದ್ಧದಲ್ಲಿ ಸೆರೆಸಿಕ್ಕವರನ್ನು ಗುಲಾಮರನ್ನಾಗಿ ಮಾಡುವುದಿಲ್ಲ. ಜನಾಂಗಗಳ ಕಾನೂನಿನ ಒಂದು ಸಾಲು ಹಾಗೆ ಅಳಿಸಿಹೋಗಿದೆ. ಗುಲಾಮಗಿರಿಯನ್ನೇ ಅವನು ಖಂಡಿಸಿದ ಎಂದು ತಿಳಿಯಬೇಡಿ. ಮನುಷ್ಯ ತನ್ನ ಸ್ವಾತಂತ್ರ್ಯಕ್ಕೆ ಒಡೆಯ, ಒಡೆಯನಾದ್ದರಿಂದ ಮಾರಿಕೊಳ್ಳಲೂಬಹುದು ಎಂದು ಬರೆದವನೂ ಅವನೇ. ಆದರೂ ಬಟ್ಟೆಯ ತರ್ಕ ಅಲ್ಲಿ ಮುರಿಯಿತು. ನಿಸರ್ಗ ಕೊಡದ್ದನ್ನು ಮನುಷ್ಯ ಕಟ್ಟಿದ್ದರೆ, ಕಟ್ಟಿದವನೇ ಬಿಚ್ಚಬಹುದು.

ಇದಕ್ಕೆ ಮೂರು ವರ್ಷ ಮೊದಲು, 1609ರಲ್ಲಿ, ಹಾಲೆಂಡಿನಲ್ಲಿ ಹೆಸರಿಲ್ಲದೆ ಒಂದು ಚಿಕ್ಕ ಪುಸ್ತಕ ಹೊರಬಂದಿತ್ತು: ಹ್ಯೂಗೊ ಗ್ರೋಷಿಯಸ್‌ನ ‘ಮುಕ್ತ ಸಮುದ್ರ’. 1603ರಲ್ಲಿ ಸಿಂಗಪುರದ ಹತ್ತಿರ ಡಚ್ಚರು ಸಾಂತಾ ಕತಾರಿನಾ ಎಂಬ ಪೋರ್ಚುಗೀಸ್ ಹಡಗು ಹಿಡಿದು, ಅದರ ಸರಕನ್ನು ಹರಾಜು ಹಾಕಿದ್ದರು. ಅದನ್ನು ಸಮರ್ಥಿಸಲು ಡಚ್ ಕಂಪೆನಿಗಾಗಿ ಬರೆದ ದೊಡ್ಡ ಗ್ರಂಥದ ಒಂದು ಅಧ್ಯಾಯವೇ ಈ ಪುಸ್ತಕ. ಕ್ಯಾಥೊಲಿಕ್ ಪೋರ್ಚುಗಲ್ಲಿನ ವಿರುದ್ಧ ಪ್ರಾಟೆಸ್ಟಂಟ್ ವಕೀಲ ಸಾಕ್ಷಿಗೆ ಕರೆದದ್ದು ಸಲಾಮಾಂಕಾದ ಕ್ಯಾಥೊಲಿಕ್ ಸನ್ಯಾಸಿಯನ್ನು. ಜಾವಾ, ಸಿಂಹಳ, ಮೊಲುಕ್ಕಾಗಳಿಗೆ ಅವರವರ ರಾಜರಿದ್ದಾರೆ, ಕಾನೂನುಗಳಿವೆ. ಕಂಡುಹಿಡಿದೆವು ಎಂಬ ಮಾತಿಗೆ ಅಲ್ಲಿ ಅರ್ಥವಿಲ್ಲ. ಸಮುದ್ರ ಯಾರ ಆಸ್ತಿಯೂ ಅಲ್ಲ. ಮುಂದೆ ಮಸಾಲೆ ದ್ವೀಪಗಳಲ್ಲಿ ಡಚ್ಚರು ಇಂಗ್ಲಿಷರನ್ನು ತಡೆದಾಗ, 1613ರ ಮಾತುಕತೆಯಲ್ಲಿ ಇಂಗ್ಲಿಷರು ಅದೇ ಪುಸ್ತಕವನ್ನು ಗ್ರೋಷಿಯಸ್‌ನ ಮುಂದೆಯೇ ಎತ್ತಿಹಿಡಿದರು.

ಪೋರ್ಚುಗೀಸರ ಸಿದ್ಧಾಂತವನ್ನು ನಮ್ಮ ಕರಾವಳಿ ಓದದೆಯೇ ಅನುಭವಿಸಿತ್ತು. ಅರಬ್ಬಿ ಸಮುದ್ರದಲ್ಲಿ ಹಡಗು ಬಿಡಬೇಕಾದರೆ ಅವರಿಂದ ಕಾರ್ತಾಜ್ ಎಂಬ ರಹದಾರಿ ಕೊಳ್ಳಬೇಕು. ಇಲ್ಲದ ಹಡಗು ಅವರ ಪಾಲು. 1560ರ ದಶಕದ ಕೊನೆಗೆ ಮಂಗಳೂರು, ಬಸರೂರು, ಹೊನ್ನಾವರಗಳಲ್ಲಿ ಅವರ ಕೋಟೆಗಳೆದ್ದವು. ಅವನ್ನು ಕಿತ್ತವನು 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ. ಪೋರ್ಚುಗೀಸ್ ಚರಿತ್ರೆಕಾರ ಜುವಾಂವ್ ದೆ ಬಾರೂಸ್ ಆ ರಹದಾರಿ ಪದ್ಧತಿಗೆ ಕೊಟ್ಟ ಸಮರ್ಥನೆ ನಾಚಿಕೆ ಇಲ್ಲದ್ದು: ಸಮುದ್ರದ ಓಡಾಟ ಎಲ್ಲರಿಗೂ ಮುಕ್ತ ಎಂಬ ಕಾನೂನು ಯೂರೋಪಿನ ಕ್ರೈಸ್ತರ ನಡುವೆ ಇದೆ, ಅದು ಇಲ್ಲಿಯವರಿಗೆ ಅನ್ವಯಿಸದು. ಹೊಸ್ಟಿಯೆನ್ಸಿಸ್ ಮೂರು ಶತಮಾನದ ಮೇಲೆ ಹಡಗು ಹತ್ತಿ ಬಂದಿದ್ದ.

1950ರ ದಶಕದಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಸಿ.ಎಚ್. ಅಲೆಕ್ಸಾಂಡ್ರೊವಿಚ್ ಎಂಬ ವಿದ್ವಾಂಸರು ಈ ಕಾಲದ ದಾಖಲೆಗಳನ್ನು ತಿರುವಿ ಹಾಕಿ ಒಂದು ವಾದ ಮುಂದಿಟ್ಟರು: ಹದಿನೆಂಟನೆಯ ಶತಮಾನದವರೆಗೆ ಯೂರೋಪಿನ ರಾಜ್ಯಗಳು ಏಷ್ಯಾದ ಅರಸರೊಡನೆ ಸಮಾನರಂತೆ ಒಪ್ಪಂದ ಮಾಡಿಕೊಂಡವು; ಇವರು ನಾಗರಿಕರ ಕೂಟಕ್ಕೆ ಸೇರಿದವರಲ್ಲ ಎಂದು ಹೊರಗೆ ನೂಕಿದ್ದು ಹತ್ತೊಂಬತ್ತನೆಯ ಶತಮಾನ. ಪೂರ್ತಿ ಒಪ್ಪಲು ಕಷ್ಟ. ಸಮಾನರ ಒಪ್ಪಂದದ ಹಿಂದೆ ಫಿರಂಗಿ ಎಷ್ಟು ಸಲ ಇತ್ತು ಎಂಬುದನ್ನು ಅವರು ಹಗುರಾಗಿ ನೋಡಿದರು ಎನಿಸುತ್ತದೆ. ಆದರೆ ಅವರ ಪ್ರಶ್ನೆ ಆಗಲೇ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿತ್ತು.

ದಾದ್ರಾ ಮತ್ತು ನಗರ ಹವೇಲಿ ದಮನ್‌ನಿಂದ ಒಳಗೆ, ಭಾರತದ ನೆಲದ ನಡುವೆ ಇದ್ದ ಪೋರ್ಚುಗೀಸ್ ತುಣುಕುಗಳು. 1954ರಲ್ಲಿ ಅವು ಪೋರ್ಚುಗೀಸರ ಕೈತಪ್ಪಿದವು. ಭಾರತ ದಾರಿ ಕೊಡಲಿಲ್ಲ. ದಾಟಿಹೋಗುವ ಹಕ್ಕು ತಮಗಿದೆಯೆಂದು ಪೋರ್ಚುಗಲ್ 1955ರಲ್ಲಿ ದಾವೆ ಹೂಡಿತು. ಮರಾಠರು 1779ರಲ್ಲಿ ಮಾಡಿಕೊಂಡ ಒಪ್ಪಂದವೂ ಚರ್ಚೆಗೆ ಬಂತು. ಆ ಕಾಲದ ಭಾರತದ ಒಪ್ಪಂದವನ್ನು ಆಮೇಲೆ ಬೆಳೆದ ಪದ್ಧತಿಗಳ ಅಳತೆಯಿಂದ ಅಳೆಯಬಾರದು, ಅದು ಊರ್ಜಿತವೇ ಎಂದ ನ್ಯಾಯಾಲಯ, ಮರಾಠರು ಕೊಟ್ಟದ್ದು ಕಂದಾಯದ ಹಕ್ಕು, ಸಾರ್ವಭೌಮತ್ವವಲ್ಲ ಎಂದೂ ಹೇಳಿತು. ದಾರಿಯ ಪ್ರಶ್ನೆಗೆ ಅದು ನಿಸರ್ಗದ ಕಾನೂನಿನ ಹತ್ತಿರ ಹೋಗಲಿಲ್ಲ. ಬ್ರಿಟಿಷರ ಕಾಲದಿಂದ ಒಂದೂಕಾಲು ಶತಮಾನ ಆ ಎರಡು ಕಡೆಯವರ ನಡುವೆ ನಡೆದುಬಂದ ರೂಢಿ ಏನಿತ್ತು ಎಂದು ನೋಡಿತು. ಜನ, ನಾಗರಿಕ ಅಧಿಕಾರಿಗಳು, ಸರಕು ಓಡಾಡಿದ್ದವು. ಸೈನಿಕರು, ಶಸ್ತ್ರಸಜ್ಜಿತ ಪೊಲೀಸರು, ಮದ್ದುಗುಂಡು ಅನುಮತಿಯ ಮೇಲೆ ದಾಟಿದ್ದವು. 1960ರ ಏಪ್ರಿಲ್ 12ರ ತೀರ್ಪು ಅದರಂತೆಯೇ ಬಂತು. ಮೊದಲನೆಯವಕ್ಕೆ ದಾರಿಯ ಹಕ್ಕು ಉಂಟು. ಶಸ್ತ್ರ ಹಿಡಿದವರಿಗೆ ಇಲ್ಲ, ಎಂಟು ಮತಗಳು ಇಲ್ಲವೆಂದೂ ಏಳು ಉಂಟೆಂದೂ. ಭಾರತ ತನ್ನ ಕರ್ತವ್ಯ ಮೀರಿಲ್ಲ.